ಕಪ್ಪು ದಾರದ ಬಾಬುಭಾಯಿ

ಕಟೀಲು ಯಕ್ಷಗಾನ ಮೇಳದ ‘ದೇವಿ ಮಹಾತ್ಮೆ’ ನೋಡಿದವರು ಮಹಿಷಾಸುರ ಬರುವ ಹೊತ್ತನ್ನು ಮರೆಯುವುದಿಲ್ಲ. ಜನರ ನಡುವಿನಿಂದಲೇ ಬರುತ್ತಾನೆ. ದೊಂದಿಗೆ ರಾಳದ ಪುಡಿ ಎರಚಿದ ಕೂಡಲೇ ಬೆಂಕಿ ಭುಗಿಲೇಳುತ್ತದೆ. ಎರಚುವವರು ನಮ್ಮ ಕಣ್ಣೆದುರೇ ಇರುತ್ತಾರೆ. ಆದರೂ ಯಾರಿಗೂ ಕಿರಿಕಿರಿ ಇಲ್ಲ. ಸಿನಿಮಾಕ್ಕೆ ಮಾತ್ರ ನಾವು ಈ ರಿಯಾಯಿತಿ ಕೊಡುವುದಿಲ್ಲ. ಮಂಗಳೂರಿನ ಮಾಲ್‌ನಲ್ಲಿ ಸಿನಿಮಾ ಮುಗಿಸಿ ಬಂದವರು ‘ಗ್ರಾಫಿಕ್ಸ್ ಸರಿ ಇಲ್ಲ ಮಾರಾಯ’ ಅನ್ನುತ್ತಾರಲ್ಲ, ಆ ತಕರಾರು ಇಂದಿನದಲ್ಲ. ಹಿಂದೆ ಅದು ಸಾಮಾನು ಎಳೆಯುವ ದಾರ ಕಾಣುತ್ತದೆ ಅನ್ನುವ ತಕರಾರಾಗಿತ್ತು.

ಆ ದಾರವನ್ನು ಅಡಗಿಸಿಯೇ ಹೆಸರು ಮಾಡಿದವರು ಹಿಂದಿ ಸಿನಿಮಾಗಳ ಟ್ರಿಕ್ ಶಾಟ್ ಮಾಡುತ್ತಿದ್ದ ಬಾಬುಭಾಯಿ ಮಿಸ್ತ್ರಿ. 1918ರಲ್ಲಿ ಸೂರತ್‌ನಲ್ಲಿ ಹುಟ್ಟಿ, 2010ರಲ್ಲಿ 92ನೇ ವಯಸ್ಸಿನಲ್ಲಿ ತೀರಿಕೊಂಡರು. 1937ರಲ್ಲಿ ವಿಜಯ್ ಭಟ್ ನಿರ್ದೇಶಿಸಿದ ‘ಖ್ವಾಬ್ ಕಿ ದುನಿಯಾ’ಕ್ಕೆ ಕಣ್ಣಿಗೆ ಕಾಣದ ಮನುಷ್ಯ ಬೇಕಾಗಿತ್ತು. ಅಂದರೆ ಸಾಮಾನುಗಳು ತಾವಾಗಿಯೇ ಓಡಾಡಬೇಕು. ಬಾಬುಭಾಯಿ ಕಪ್ಪು ಹಿನ್ನೆಲೆಯ ಮುಂದೆ ಕಪ್ಪು ದಾರ ಕಟ್ಟಿ ಎಳೆದರು. ಕಪ್ಪಿನ ಮೇಲೆ ಕಪ್ಪು, ಕ್ಯಾಮೆರಾಕ್ಕೆ ಏನು ಕಂಡೀತು? ‘ಕಾಲಾ ಧಾಗಾ’ ಅನ್ನುವ ಅಡ್ಡಹೆಸರೇ ಅಂಟಿಕೊಂಡಿತು.

ಟ್ರಿಕ್ ಶಾಟ್ ಮಾಡುತ್ತಿದ್ದವರು ಮುಂದೆ ನಿರ್ದೇಶಕರಾದರು ಅಂದರೆ ಬಡ್ತಿ ಸಿಕ್ಕಿತು ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಆಗಿನ ಡಬಲ್ ರೋಲ್ ನೋಡಿ. ಲೆನ್ಸಿನ ಅರ್ಧ ಮುಚ್ಚಿ, ನಟಿಯನ್ನು ಒಂದು ಪಕ್ಕ ನಿಲ್ಲಿಸಿ ಶೂಟ್ ಮಾಡಬೇಕು. ಫಿಲ್ಮನ್ನು ಹಿಂದಕ್ಕೆ ಸುತ್ತಬೇಕು. ಈಗ ಇನ್ನರ್ಧ ಮುಚ್ಚಿ, ಅದೇ ನಟಿಯನ್ನು ಇನ್ನೊಂದು ಪಕ್ಕ ನಿಲ್ಲಿಸಿ, ಅದೇ ಫಿಲ್ಮಿನ ಮೇಲೆ ಮತ್ತೊಮ್ಮೆ. ಕ್ಯಾಮೆರಾ ಚೂರು ಅಲ್ಲಾಡಿದರೂ ನಡುವಿನ ಗೆರೆ ಕಾಣುತ್ತದೆ. ನಟಿ ಮರೆತು ಕೈ ಚಾಚಿದರೆ ಗೆರೆಯಾಚೆ ಕೈಯೇ ಮಾಯ! ಆಮೇಲೆ ಸರಿಮಾಡೋಣ ಅನ್ನಲು ಕಂಪ್ಯೂಟರ್ ಎಲ್ಲಿತ್ತು? ಹಾಗಾಗಿ ಅವಳು ಎಲ್ಲಿ ನಿಲ್ಲಬೇಕು, ಯಾವಾಗ ತಿರುಗಬೇಕು, ಲೈಟು ಎಲ್ಲಿಡಬೇಕು ಅನ್ನುವುದನ್ನೆಲ್ಲ ಮೊದಲೇ ಲೆಕ್ಕ ಹಾಕಿ ಹೇಳುತ್ತಿದ್ದವರು ಟ್ರಿಕ್ಕಿನವರೇ. ಅರ್ಧ ನಿರ್ದೇಶನ ಅಲ್ಲೇ ಆಯ್ತಲ್ವಾ? ಸಾಹಸದ ಪಾತ್ರಗಳಿಗೆ ಹೆಸರಾದ ನಟಿ ನಾಡಿಯಾ ಡಬಲ್ ರೋಲ್ ಮಾಡಿದ 1942ರ ‘ಮುಕಾಬಲಾ’ದಲ್ಲಿ ಬಟುಕ್ ಭಟ್ ಜತೆ ಬಾಬುಭಾಯಿಯೂ ನಿರ್ದೇಶಕರು.

ಮುಂದೆ ಅವರಿಗೆ ಒಗ್ಗಿದ್ದು ಪುರಾಣ ಮತ್ತು ಮಾಯಾಜಾಲದ ಕಥೆಗಳು. 1963ರ ‘ಪಾರಸ್‌ಮಣಿ’ ಅವರದೇ. ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಸಂಗೀತ ಮೊದಲು ತೆರೆಗೆ ಬಂದದ್ದು ಅದರಲ್ಲೇ, ಹಾಗಾಗಿ ಜನಕ್ಕೆ ಹಾಡುಗಳೇ ಜಾಸ್ತಿ ನೆನಪು. ಅದಕ್ಕೂ ಮೊದಲು, 1961ರಲ್ಲಿ, ಬಣ್ಣದ ‘ಸಂಪೂರ್ಣ ರಾಮಾಯಣ’ ಬಂದಿತ್ತು. ಬಣ್ಣ ಬಂದಮೇಲೆ ಟ್ರಿಕ್ಕಿನ ಕೆಲಸ ಇನ್ನೂ ನಾಜೂಕಾಯಿತು. ಬೇರೆ ಬೇರೆಯಾಗಿ ಶೂಟ್ ಮಾಡಿದ ತುಂಡುಗಳನ್ನು ಕೂಡಿಸುವಾಗ ನೆರಳು, ಬೆಳಕಿನ ಜತೆ ಬಣ್ಣವೂ ಹೊಂದಬೇಕು. ಆಕಾಶಕ್ಕೆ ಒಂದು ನೀಲಿ, ಹಾರುವವನ ಹಿಂದೆ ಇನ್ನೊಂದು ನೀಲಿ ಇದ್ದರೆ ಕೆಲಸ ಕೆಟ್ಟಂತೆ.

ಇಂಥ ಸಿನಿಮಾಕ್ಕೆ ಬರುವವರಿಗೆ ಕಥೆ ಮೊದಲೇ ಗೊತ್ತು. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಸಂಗ ಬಾಯಿಪಾಠ ಇದ್ದರೂ ಆಟಕ್ಕೆ ಹೋಗುತ್ತೇವೆ, ಇವತ್ತು ಹೇಗೆ ಮಾಡುತ್ತಾರೆ ನೋಡೋಣ ಅಂತ. ಬಾಬುಭಾಯಿಯ ಸಿನಿಮಾಗಳಲ್ಲೂ ಕುತೂಹಲ ಇರುವುದು ಆ ‘ಹೇಗೆ’ಯಲ್ಲೇ. ಬಾಣ ಹೇಗೆ ಹಾರುತ್ತದೆ, ರಾಕ್ಷಸ ಹೇಗೆ ಮಾಯವಾಗುತ್ತಾನೆ? 1965ರ ‘ಮಹಾಭಾರತ್’ನಲ್ಲಿ ಪ್ರದೀಪ್ ಕುಮಾರ್ ಅರ್ಜುನ, ಪದ್ಮಿನಿ ದ್ರೌಪದಿ. ಭೀಮನ ಪಾತ್ರಕ್ಕೆ ಕುಸ್ತಿಯ ದಾರಾ ಸಿಂಗ್. ಅವರೊಬ್ಬರಿಗೆ ಮಾತ್ರ ಕಪ್ಪು ದಾರದ ಸಹಾಯ ಬೇಕಾಗಿರಲಿಕ್ಕಿಲ್ಲ ಬಿಡಿ.