ಕಾಕಾ ನಾಯಿ ಬೇಡ ಅಂದಿದ್ದು ಯಾಕೆ?

ನಮ್ಮ ಕಾಕಾಗೆ ಕಣ್ಣು ಕಾಣುವುದಿಲ್ಲ. ಬಿಳಿ ಕೋಲು ಹಿಡಿದು ಕಲಬುರಗಿಯ ಸೂಪರ್ ಮಾರ್ಕೆಟ್‌ಗೆ ಒಬ್ಬರೇ ಹೋಗಿ ಬರುತ್ತಾರೆ. ಮೊನ್ನೆ ಮೊಬೈಲಿನಲ್ಲಿ ಯಾವುದೋ ದೇಶದ ಗೈಡ್ ನಾಯಿಯ, ಅಂದರೆ ಕಣ್ಣು ಕಾಣದವರ ಜೊತೆ ನಡೆಯಲು ತರಬೇತಿ ಪಡೆದ ನಾಯಿಯ ವಿಡಿಯೋ ಬಂತು. ಅದರಲ್ಲಿ ಏನಿದೆ ಅಂತ ಹೇಳಿ, ನಿಮಗೂ ಇಂಥದ್ದೊಂದು ಇದ್ದರೆ ಛಲೋ ಅಲ್ವಾ ಅಂದೆ. ಕಾಕಾ ನಕ್ಕರು. "ಏ ತಮ್ಮಾ, ನಾ ಒಂದು ನಾಯಿ ಹಿಡ್ಕೊಂಡು ಹೊಂಟ್ರ ಓಣಿ ನಾಯಿ ಹತ್ತು ಬೆನ್ನ ಹತ್ತತಾವ. ಮತ್ತ ಬಸ್ಸಿನಾಗ ಯಾರು ಹತ್ತಿಸ್ಕೋತಾರ?"

ಬಸ್ಸಿನ ಪ್ರಶ್ನೆ ಹೆಚ್ಚುಕಡಿಮೆ ನೂರು ವರ್ಷ ಹಳೆಯದು. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಗೆರ್ಹಾರ್ಡ್ ಸ್ಟಾಲಿಂಗ್ ಎಂಬ ಡಾಕ್ಟರು ಗೈಡ್ ನಾಯಿಗಳ ಶಾಲೆ ತೆರೆದರು. ಜರ್ಮನಿಯಲ್ಲಿ ಇಂಥ ಶಾಲೆಯೊಂದನ್ನು ನೋಡಿದ, ಸ್ವಿಟ್ಜರ್ಲೆಂಡಿನಲ್ಲಿ ನಾಯಿಗಳನ್ನು ಪಳಗಿಸುತ್ತಿದ್ದ ಡೊರೊತಿ ಯೂಸ್ಟಿಸ್ ಎಂಬ ಮಹಿಳೆ 1927ರಲ್ಲಿ ಅಮೆರಿಕದ ಪತ್ರಿಕೆಯೊಂದಕ್ಕೆ ಲೇಖನ ಬರೆದರು. ನ್ಯಾಶ್‌ವಿಲ್‌ನ ಮೋರಿಸ್ ಫ್ರಾಂಕ್ ಎಂಬ ಕುರುಡ ಯುವಕನಿಗೆ ಆ ಸುದ್ದಿ ತಲುಪಿ, ಆತ ಸ್ವಿಟ್ಜರ್ಲೆಂಡಿಗೆ ಹೋಗಿ 1928ರಲ್ಲಿ ಬಡ್ಡಿ ಎಂಬ ಜರ್ಮನ್ ಶೆಫರ್ಡ್ ಜೊತೆ ವಾಪಸ್ಸಾದ. ನ್ಯೂಯಾರ್ಕಿನಲ್ಲಿ ಪತ್ರಕರ್ತರ ಎದುರೇ ವಾಹನಗಳು ನುಗ್ಗುವ ರಸ್ತೆಯನ್ನು ಬಡ್ಡಿ ಅವನನ್ನು ದಾಟಿಸಿತು. ಯೂಸ್ಟಿಸ್‌ಗೆ ಆತ ಕಳಿಸಿದ ಟೆಲಿಗ್ರಾಮಿನಲ್ಲಿ ಇದ್ದದ್ದು ಒಂದೇ ಪದ: ಸಕ್ಸೆಸ್.

ಸಾಮಾನ್ಯವಾಗಿ ಕತೆ ಇಲ್ಲಿಗೆ ಮುಗಿಯುತ್ತದೆ. ಆದರೆ ರಸ್ತೆ ದಾಟಿದ್ದೇ ಸುಲಭದ ಕೆಲಸ, ಬಾಗಿಲು ದಾಟೋದು ಕಷ್ಟ ಆಯ್ತು. ಹೋಟೆಲಿನಲ್ಲಿ ನಾಯಿಗೆ ಜಾಗ ಇಲ್ಲ, ರೈಲಿನಲ್ಲಿ ನಾಯಿ ಅಂದರೆ ಲಗೇಜ್ ಬೋಗಿ. ಫ್ರಾಂಕ್ ವರ್ಷಗಟ್ಟಲೆ ಬಡ್ಡಿಯನ್ನು ಕರೆದುಕೊಂಡು ಊರೂರು ಸುತ್ತಿ ಜನರ ಮನಸ್ಸು ತಿರುಗಿಸಬೇಕಾಯಿತು. ಕೊನೆಗೆ ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯ್ದೆ ಬಂತು. ಈಗ ಅಲ್ಲಿ ಅಂಗಡಿಯವನು ಎರಡೇ ಪ್ರಶ್ನೆ ಕೇಳಬಹುದು: ನಿಮ್ಮ ಅಂಗವೈಕಲ್ಯಕ್ಕೆ ಈ ನಾಯಿ ಬೇಕಾ? ಅದಕ್ಕೆ ಯಾವ ಕೆಲಸ ಕಲಿಸಿದ್ದೀರಿ? ಸರ್ಟಿಫಿಕೇಟ್ ತೋರಿಸಿ ಅನ್ನುವ ಹಾಗಿಲ್ಲ.

ಕೆಲಸ ಅಂದೆನಲ್ಲ, ನಾಯಿಯೇ ದಾರಿ ತೋರಿಸುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ದಾರಿ ಮನುಷ್ಯನಿಗೇ ಗೊತ್ತಿರಬೇಕು. ಎಡಕ್ಕೆ, ಬಲಕ್ಕೆ ಅಂತ ಆತ ಹೇಳುತ್ತಾನೆ. ನಾಯಿ ಮೆಟ್ಟಿಲ ಹತ್ತಿರ ನಿಲ್ಲುತ್ತದೆ, ಕಂಬ, ಗುಂಡಿ ತಪ್ಪಿಸುತ್ತದೆ, ಗಾಡಿ ಬರುತ್ತಿದ್ದರೆ 'ನಡಿ' ಅಂದರೂ ನಡೆಯುವುದಿಲ್ಲ. ಹೇಳಿದ್ದನ್ನು ಕೇಳದೆ ಇರೋದನ್ನೂ ಅದಕ್ಕೆ ಕಲಿಸಿರುತ್ತಾರೆ! ಅಂಥ ಹೊತ್ತಿನಲ್ಲಿ ಯಾರೋ ಸುಮ್ನೆ ಬಿಸ್ಕತ್ ಎಸೆದರೂ ಅದರ ಗಮನ ತಪ್ಪುತ್ತದೆ.

ನಮ್ಮಲ್ಲಿ 1995ರ ಅಂಗವಿಕಲರ ಕಾಯ್ದೆಯ ಜಾಗಕ್ಕೆ 2016ರ ಕಾಯ್ದೆ ಬಂತು. ಪಟ್ಟಿಯಲ್ಲಿದ್ದ 7 ಅಂಗವೈಕಲ್ಯಗಳು 21 ಆದವು. ಬಸ್ ನಿಲ್ದಾಣ, ರೈಲು ನಿಲ್ದಾಣ ಎಲ್ಲರಿಗೂ ಅನುಕೂಲ ಆಗಿರಬೇಕು ಅಂತಲೂ ಅದರಲ್ಲಿದೆ. ಆದರೆ ನಾಯಿಯ ಹೆಸರೇ ಇಲ್ಲ. ವಿಮಾನದ ಮಾತು ಬೇರೆ. ತರಬೇತಿ ಪಡೆದ ಗೈಡ್ ನಾಯಿ ಪ್ರಯಾಣಿಕನ ಜೊತೆ ಕ್ಯಾಬಿನ್ನಿನಲ್ಲೇ ಹೋಗಬಹುದು ಎಂದು ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ ಹೇಳುತ್ತದೆ. ಕಲಬುರಗಿಗೆ 2019ರಲ್ಲಿ ವಿಮಾನ ನಿಲ್ದಾಣ ಬಂದಿದೆ, ಸರಿ, ಕಾಕಾ ದಿನಾ ಹತ್ತೋದು ಬಸ್ಸು. ನಮ್ಮ ಕಡೆಯ ಬಸ್ಸು ಬೇರೆ ನಿಗಮದ್ದು, ಆದರೆ ರಾಜ್ಯದ ದಕ್ಷಿಣದ ಕಡೆ ಬಸ್ಸು ಓಡಿಸುವ ಕೆಎಸ್‌ಆರ್‌ಟಿಸಿ 2022ರಲ್ಲಿ ನಾಯಿಗೆ ಅರ್ಧ ಟಿಕೆಟ್ ಸಾಕು ಎಂದಿತು. ಅಂದರೆ ಅಲ್ಲಿ ನಾಯಿ ಸಾಕುಪ್ರಾಣಿಯ ಲೆಕ್ಕ, ಕೋಲಿನ ಲೆಕ್ಕ ಅಲ್ಲ. ಕೋಲಿಗೆ ಯಾರೂ ಟಿಕೆಟ್ ಕೇಳುವುದಿಲ್ಲ.

ಇನ್ನು ಓಣಿ ನಾಯಿ. ಬೀದಿ ನಾಯಿಗೆ ಸಂತಾನಹರಣ ಆಪರೇಷನ್ ಮಾಡಿ, ಚುಚ್ಚುಮದ್ದು ಕೊಟ್ಟು, ಹಿಡಿದ ಜಾಗಕ್ಕೇ ಬಿಡಬೇಕು ಅನ್ನೋದು 2001ರಿಂದ ಇರುವ ನಿಯಮ. ಪ್ರತಿ ಓಣಿಗೂ ಒಂದು ಗುಂಪು, ಅದಕ್ಕೊಂದು ಗಡಿ. ಪರನಾಯಿ ಕಂಡರೆ ಸುಮ್ಮನಿರುತ್ತವಾ? ಹಗ್ಗದಲ್ಲಿರುವ ನಾಯಿ ಓಡುವ ಹಾಗಿಲ್ಲ, ಜಗಳಕ್ಕೆ ಬಿದ್ದರೆ ಹಿಡಿದ ಮನುಷ್ಯ ನೆಲಕ್ಕೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆಸ್ಪತ್ರೆ, ಶಾಲೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಬೀದಿ ನಾಯಿಗಳನ್ನು ತೆಗೆಯಿರಿ ಎಂದಿತು. ಆದೇಶ ಬೀದಿ ನಾಯಿಗೆ ಮಾತ್ರ, ಆದರೆ ಗೇಟಿನಲ್ಲಿ ನಿಂತವನಿಗೆ ಪಟ್ಟಿ ಕಟ್ಟಿದ್ದೂ ನಾಯಿಯೇ, ಕಟ್ಟದ್ದೂ ನಾಯಿಯೇ. ಅವನನ್ನೂ ಬೈಯುವ ಹಾಗಿಲ್ಲ, ಹುಚ್ಚುನಾಯಿ ಕಡಿತದ ಭಯ ಸುಳ್ಳಲ್ಲವಲ್ಲ.

ಆದರೂ ನಾಯಿ ನಮ್ಮ ಕಡೆ ದೇವರಿಗೆ ದೂರದ್ದೇನಲ್ಲ. ಗಾಣಗಾಪುರದಲ್ಲಿ ಮಾರುವ ದತ್ತನ ಫೋಟೋದಲ್ಲಿ ಕಾಲ ಬಳಿ ನಾಲ್ಕು ನಾಯಿ ಇರುತ್ತವೆ. ಮೈಲಾರಲಿಂಗನ ಭಕ್ತರಾದ ವಗ್ಗಯ್ಯಗಳು ನಾಯಿಯಂತೆ ಬೊಗಳುತ್ತಾರೆ. ಹಾಗಂತ ಶರಣಬಸವೇಶ್ವರ ಜಾತ್ರೆಯ ರಥದ ದಿನ ಆ ಗದ್ದಲಕ್ಕೆ ನಾಯಿ ತರಬೇಕು ಅಂತ ನಾನೇನೂ ಹೇಳಲಾರೆ. ಬೇಸಿಗೆಯ ನಮ್ಮ ಬಿಸಿಲಿಗೆ ಶಹಾಬಾದ್ ಪರಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ನೋಡಿ, ನಾಯಿಯ ಪಾಡು ಗೊತ್ತಾಗುತ್ತದೆ. ಹೊತ್ತು, ಜಾಗ ನೋಡಬೇಕು.

ಇದನ್ನೆಲ್ಲ ಕಾಕಾಗೆ ಓದಿ ಹೇಳಿದೆ. ಆ ಎರಡು ಪ್ರಶ್ನೆ ಇರುವಲ್ಲಿ ತಡೆದರು.

"ಎರಡೇ ಕೇಳ್ತಾರೇನು? ನಾ ಪಾಸ್ ತೋರ್ಸಿದ್ರನ ನಾಲ್ಕು ಕೇಳ್ತಾರ ತಮ್ಮಾ. ಮುಂದ ಓದು."