ಆಡಿಯೋಗ್ರಾಂ ಹೇಳದ ಚರಿತ್ರೆ

ಶಿರಸಿಯಲ್ಲಿ ಶ್ರವಣ ಪರೀಕ್ಷೆ ಮಾಡುವ ನನ್ನ ಬಳಿಗೆ ಅನೇಕರು ಬರುವುದು ಅಂಗವೈಕಲ್ಯ ಪ್ರಮಾಣಪತ್ರದ ಸಲುವಾಗಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ ಮಾತಿನ ಆವರ್ತನಗಳಿಗೆ 70 ಡೆಸಿಬಲ್ ನಷ್ಟವಿದ್ದವರು ಕಿವುಡರು. ಅದನ್ನು ಆಡಿಯೋಗ್ರಾಂ, ಅಂದರೆ ಶ್ರವಣ ಪರೀಕ್ಷೆಯ ನಕ್ಷೆ, ಸರಿಯಾಗಿಯೇ ತೋರಿಸುತ್ತದೆ. ಎದುರು ಕುಳಿತವರ ಭಾಷೆ ಯಾವುದೆಂದು ಕೇಳುವ ಜಾಗ ಮಾತ್ರ ನಾನು ತುಂಬುವ ಹಾಳೆಯಲ್ಲಿಲ್ಲ.

ಕಾರವಾರ ಕಡೆಯ ಮೀನುಗಾರ ಕುಟುಂಬದ ಹಿರಿಯರೊಬ್ಬರು ಮಗಳೊಂದಿಗೆ ಬಂದಿದ್ದರು. “ಅಪ್ಪನಿಗೆ ಮಾತು ಬರುವುದಿಲ್ಲವೇ?” ಎಂದೆ. “ಸುಮ್ಮನಿರ್ಸೂದೇ ಕಷ್ಟ ಸರ್” ಎಂದು ಆಕೆ ನಕ್ಕರು. ಆಮೇಲೆ ಅವರು ಕೈಯಲ್ಲಿ ಹೇಳಿದ್ದನ್ನು ಮಗಳು ಕನ್ನಡದಲ್ಲಿ ಹೇಳಿದರು: ಓದಿದ ಶಾಲೆಯಲ್ಲಿ ಸನ್ನೆ ಮಾಡಿದರೆ ಬೆರಳಿಗೆ ಏಟು, ಭಾಷೆ ಕಲಿತದ್ದು ರಾತ್ರಿ ಹಾಸ್ಟೆಲಿನ ದೀಪದಡಿ, ದೊಡ್ಡ ಹುಡುಗರಿಂದ.

ಆ ಏಟಿಗೂ ಒಂದು ಚರಿತ್ರೆಯಿದೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವು ಕಿವುಡ ಮಕ್ಕಳಿಗೆ ಬಾಯಿಮಾತಿನಲ್ಲೇ ಕಲಿಸಬೇಕೆಂದು ನಿರ್ಣಯಿಸಿದ ಮೇಲೆ ಅನೇಕ ದೇಶಗಳ ತರಗತಿಗಳಿಂದ ಸನ್ನೆ ಹೊರಬಿತ್ತು. ಅದಕ್ಕೆ ಸಮ್ಮೇಳನದ ಉತ್ತರಾಧಿಕಾರಿಗಳು ವ್ಯಾಂಕೂವರ್‌ನಲ್ಲಿ ವಿಷಾದ ಸೂಚಿಸಿದ್ದು 2010ರಲ್ಲಿ. ಕಿವುಡ ಮಕ್ಕಳಲ್ಲಿ ಹೆಚ್ಚಿನವರ ತಂದೆತಾಯಿ ಕೇಳಬಲ್ಲವರಾದ್ದರಿಂದ ಈ ಭಾಷೆ ತೊಟ್ಟಿಲಿನಿಂದಲ್ಲ, ಗೆಳೆಯರಿಂದ ಬರುತ್ತದೆ. ಹಾಗಾಗಿ ಹಾಸ್ಟೆಲಿನ ನೆನಪೇ ಅವರ ವಂಶಾವಳಿ. (ಯಕ್ಷಗಾನದ ಅಭಿನಯದಂಥದ್ದಲ್ಲವೇ ಎಂದು ನಮ್ಮ ಕಡೆಯವರು ಕೇಳುವುದುಂಟು. ಅಲ್ಲ. ಅಭಿನಯವು ಭಾಗವತರ ಪದ್ಯಕ್ಕೆ ಹೊಂದಿ ನಡೆಯುತ್ತದೆ. ಸನ್ನೆ ಭಾಷೆಗೆ ತನ್ನದೇ ವ್ಯಾಕರಣವಿದೆ. ಭಾರತೀಯ ಸನ್ನೆ ಭಾಷೆಯಲ್ಲಿ ‘ಏನು’, ‘ಎಲ್ಲಿ’ ಎಂಬ ಪ್ರಶ್ನೆಪದಗಳು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತವೆ.)

ಭಾರತ 2007ರಲ್ಲಿ ಅನುಮೋದಿಸಿದ ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೇ ವಿಧಿ ಸನ್ನೆ ಭಾಷೆಗಳ ಜೊತೆಗೆ ಕಿವುಡರ ಸಂಸ್ಕೃತಿಗೂ ಮಾನ್ಯತೆ ಮತ್ತು ಬೆಂಬಲ ಸಲ್ಲಬೇಕೆನ್ನುತ್ತದೆ. ಭಾಷೆಯ ಮಟ್ಟಿಗೆ ಕೆಲಸ ನಡೆದಿದೆ: 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನಾ ಮತ್ತು ತರಬೇತಿ ಕೇಂದ್ರ ಆರಂಭವಾಯಿತು, ಅದರ ನಿಘಂಟು 2021ರ ಹೊತ್ತಿಗೆ 10,000 ಪದಗಳಿಗೆ ಬೆಳೆಯಿತು. 2020ರ ಶಿಕ್ಷಣ ನೀತಿಯು ದೇಶಕ್ಕೆಲ್ಲ ಒಂದೇ ಪ್ರಮಾಣಿತ ರೂಪವನ್ನು ಬಯಸುತ್ತದೆ. ಸ್ಥಳೀಯ ಸನ್ನೆಗಳನ್ನೂ ಗೌರವಿಸಿ ಕಲಿಸಬೇಕೆಂದು ಸೇರಿಸಿದೆ. ಪಠ್ಯಪುಸ್ತಕಕ್ಕೆ ಪ್ರಮಾಣಿತ ರೂಪ ಬೇಕು, ನಿಜ. ಆದರೆ ಆ ಹಿರಿಯರು ಬಂಗಡೆ ಮೀನಿಗೊಂದು, ತಾರ್ಲೆ ಮೀನಿಗೊಂದು ಸನ್ನೆ ತೋರಿಸಿದರು. ಇಂಥವನ್ನು ಗೌರವಿಸಬೇಕಾದರೆ ಮೊದಲು ಯಾರಾದರೂ ದಾಖಲಿಸಬೇಕು. ಆ ಕೆಲಸವನ್ನು ಜಿಲ್ಲೆಯ ಕಿವುಡ ಯುವಕರಿಗೇ ಸಂಬಳ ಕೊಟ್ಟು ವಹಿಸುವುದು, ಹಿರಿಯರ ಒಪ್ಪಿಗೆ ಪಡೆದು ವಿಡಿಯೋ ಮಾಡಿಸುವುದು ಉತ್ತಮ. ನನ್ನಂಥವರು ಕ್ಯಾಮೆರಾ ಹಿಡಿದರೆ ಅರ್ಧ ಅರ್ಥವೇ ತಪ್ಪಿಹೋದೀತು.

ಅಂದಿನಿಂದ ನನ್ನ ಹಾಳೆಯ ಅಂಚಿನಲ್ಲಿ ‘ಭಾಷೆ: ಸನ್ನೆ’ ಎಂದು ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಇದುವರೆಗೆ ಯಾರೂ ಆಕ್ಷೇಪಿಸಿಲ್ಲ, ಓದಿದ್ದಾರೆಂದೂ ಅನ್ನಿಸುವುದಿಲ್ಲ.