ಎರಡನೆಯ ಲಟಿಕೆ

ಕ್ಷೌರ ಮುಗಿದ ಮೇಲೆ ಗಿರಾಕಿಯ ಗದ್ದ ಹಿಡಿದು ಕುತ್ತಿಗೆಯನ್ನು ಫಟ್ಟೆಂದು ತಿರುಗಿಸುವ ಪದ್ಧತಿಯನ್ನು ಕಲಬುರಗಿಯಲ್ಲಿ ನಿಲ್ಲಿಸುವುದು ನನ್ನಿಂದಾಗದ ಕೆಲಸವೆಂದು ಒಪ್ಪಿಕೊಂಡು ಬಹಳ ದಿನಗಳಾದವು. ಹಾಗೆ ಲಟಿಕೆ ತೆಗೆಸಿಕೊಂಡವರಲ್ಲಿ ಬಹುಪಾಲು ಜನ ನಗುತ್ತಲೇ ಮನೆಗೆ ಹೋಗುತ್ತಾರೆ. ಹಾಗೆ ತಿರುಗಿಸಿದ್ದರಿಂದ ಕುತ್ತಿಗೆಯ ರಕ್ತನಾಳ ಸೀಳುವುದು ಅಪರೂಪ. ಜೋರು ಕೆಮ್ಮಿನಿಂದಲೂ, ಬೈಕಿನಿಂದ ಬಿದ್ದಾಗಲೂ, ಕೆಲವೊಮ್ಮೆ ಕಾರಣವೇ ಸಿಗದೆಯೂ ಅದು ಸಂಭವಿಸುತ್ತದೆ. ನನ್ನ ತಾಳ್ಮೆ ಕೆಡಿಸುವುದು ಎರಡನೆಯ ಲಟಿಕೆ, ಅಂದರೆ ಹೊಸದಾಗಿ ನೋಯತೊಡಗಿದ ಕುತ್ತಿಗೆಯನ್ನು, ಆ ನೋವು ನಾಳ ಸೀಳಿದ್ದರ ಗುರುತಾಗಿರಬಹುದೆಂದು ಯೋಚಿಸದೆ, ಮತ್ತೆ ತಿರುಗಿಸಿಕೊಳ್ಳಲು ಹೋಗುವುದು.

ಒಮ್ಮೆ ತೊಗರಿ ರಾಶಿಯ ಕಾಲದಲ್ಲಿ ಶಹಾಪುರದ ಕಡೆಯಿಂದ ಮೂವತ್ತು ದಾಟಿದ ರೈತನೊಬ್ಬನನ್ನು ಕರೆತಂದಿದ್ದರು. ಕುತ್ತಿಗೆಯ ಹಿಂದೆ, ಒಂದೇ ಬದಿಯಲ್ಲಿ, ಹಿಂದೆಂದೂ ಕಾಣದಂಥ ನೋವು. ಎಕ್ಸ್‌ರೇಯಲ್ಲಿ ದೋಷವಿರಲಿಲ್ಲ. "ನರದ ಮ್ಯಾಲ ನರ ಏರ್ಯಾದ" ಎಂದು ಉಳುಕು ತೆಗೆಯುವವರು ಎರಡು ಸಲ ತಿರುಗಿಸಿದ್ದರು. ಐದನೆಯ ದಿನ ಎಲ್ಲವೂ ಎರಡೆರಡಾಗಿ ಕಂಡು, ನಡೆದರೆ ಜೋಲಿ ಹೊಡೆಯತೊಡಗಿದಾಗ, ಪಿತ್ತವೆಂದು ಲಿಂಬೆ ಶರಬತ್ತು ಕುಡಿಸಿ ಮತ್ತೊಂದು ದಿನ ಕಳೆದರು. ಅವನಿಗೆ ಕುತ್ತಿಗೆಯ ನಾಳ ಸೀಳಿ ಪಾರ್ಶ್ವವಾಯು ಆಗಿತ್ತು. ಆ ತಿರುವುಗಳೇ ಅದಕ್ಕೆ ಕಾರಣವೆಂದು ನಾನು ಆಣೆ ಮಾಡಲಾರೆ. ಆದರೆ ಸೀಳಿದ ನಾಳವನ್ನು ಹಿಂಡಿದ್ದರಿಂದ ಒಳ್ಳೆಯದಂತೂ ಆಗಿರಲಾರದು.

ತೊಡಕಿರುವುದು 'ನರ' ಎಂಬ ಮಾತಿನಲ್ಲೇ. ಸಂವೇದನೆ ಒಯ್ಯುವುದೂ ನಮಗೆ ನರ, ರಕ್ತ ಒಯ್ಯುವುದೂ ನರ. ಹೀಗಾಗಿ ನಾನು "ಹರಿದಿದೆ" ಎಂದದ್ದು ಮನೆಯವರ ಕಿವಿಗೆ "ಸರಿದಿದೆ" ಎಂದೇ ಬೀಳುತ್ತದೆ, ಸರಿದದ್ದನ್ನು ಎಳೆದು ಕೂರಿಸಬೇಕೆಂದು ಅವರು ಹೊರಡುತ್ತಾರೆ. ಮಿದುಳಿಗೆ ಹೋಗುವ ನಾಲ್ಕು ನಾಳಗಳಲ್ಲಿ ಹಿಂಬದಿಯ ಎರಡು, ಬೆನ್ನುಮೂಳೆಯ ರಂಧ್ರಗಳೊಳಗೆ ಹಾದು, ತಲೆಬುರುಡೆಯ ಕೆಳಗೆ ತಿರುವು ಪಡೆಯುತ್ತವೆ. ತಲೆ ತಿರುಗಿಸಿದಾಗ ಅಲ್ಲಿಯೇ ಎಳೆತ ಹೆಚ್ಚು. ಸೀಳುವುದು ನಾಳದ ಒಳಪದರ. ರಕ್ತ ಗೋಡೆಯೊಳಕ್ಕೆ ನುಗ್ಗಿ ದಾರಿಯನ್ನು ಕಿರಿದಾಗಿಸುತ್ತದೆ, ಅಲ್ಲಿ ಕಟ್ಟಿದ ಗರಣೆ, ಅಂದರೆ ರಕ್ತದ ಹೆಪ್ಪು, ಗಂಟೆಗಳ ನಂತರವೋ ದಿನಗಳ ನಂತರವೋ ಮಿದುಳಿಗೆ ಹಾರುತ್ತದೆ. ಎಕ್ಸ್‌ರೇಗೆ ಕಾಣುವುದು ಮೂಳೆ. ನಾಳವನ್ನು ನೋಡಲು ಸಿಟಿ ಆಂಜಿಯೋಗ್ರಾಮ್ ಅಥವಾ ಎಂಆರ್‌ಐ ಬೇಕು.

"ಹರಿದದ್ದಕ್ಕೆ ರಕ್ತ ತೆಳುವಾಗಿಸುವ ಗುಳಿಗೆ ಯಾಕ್ರೀ?" ಎಂಬ ಪ್ರಶ್ನೆ ನ್ಯಾಯವಾದದ್ದೇ. ಕುತ್ತಿಗೆಯಲ್ಲಿ ಸಾಮಾನ್ಯವಾಗಿ ರಕ್ತ ಹೊರಗೆ ಸುರಿಯುವುದಿಲ್ಲ, ಅಪಾಯವಿರುವುದು ಗರಣೆಯಿಂದ. ಆಸ್ಪಿರಿನ್‌ನಂಥ ಔಷಧವೋ ಅದಕ್ಕಿಂತ ಬಲವಾದ ಹೆಪ್ಪುರೋಧಕವೋ ಎಂಬುದನ್ನು ರೋಗಿಯನ್ನು ನೋಡಿ ನಿರ್ಧರಿಸುತ್ತೇವೆ; 2015ರಲ್ಲಿ ಪ್ರಕಟವಾದ, 250 ರೋಗಿಗಳ ಕೇಡಿಸ್ ಅಧ್ಯಯನದಲ್ಲಿ ಇವೆರಡರ ನಡುವೆ ಸ್ಪಷ್ಟ ವ್ಯತ್ಯಾಸ ಕಂಡಿರಲಿಲ್ಲ. ಸಾಮಾನ್ಯವಾಗಿ 3ರಿಂದ 6 ತಿಂಗಳು ತೆಗೆದುಕೊಳ್ಳಬೇಕು, ನೋವು ಹೋಯಿತೆಂದು ಬಿಡಬಾರದು. ಹೊಸ ಕುತ್ತಿಗೆನೋವಿನ ಜೊತೆಗೆ ಒಂದು ರೆಪ್ಪೆ ಜೋತು ಆ ಕಣ್ಣಿನ ಪಾಪೆ ಕಿರಿದಾದರೆ, ಮಾತು ತೊದಲಿದರೆ, ನುಂಗಲು ಕಷ್ಟವಾದರೆ, ಕೈಕಾಲು ಸೋತರೆ ತಕ್ಷಣ ದೊಡ್ಡ ಆಸ್ಪತ್ರೆ ಸೇರಬೇಕು. ಗರಣೆ ಕರಗಿಸುವ ಇಂಜೆಕ್ಷನ್‌ಗೆ ಪಾರ್ಶ್ವವಾಯುವಿನ ಲಕ್ಷಣ ಶುರುವಾದಾಗಿನಿಂದ ಸಾಮಾನ್ಯವಾಗಿ 4.5 ಗಂಟೆಯ ಅವಧಿಯಷ್ಟೇ ಇರುತ್ತದೆ.

ಆ ರೈತ ಆರು ತಿಂಗಳ ನಂತರ ತಾನೇ ನಡೆದು ಬಂದ; ಸ್ಕ್ಯಾನ್‌ನಲ್ಲಿ ನಾಳ ಬಹುಮಟ್ಟಿಗೆ ಕೂಡಿಕೊಂಡಿತ್ತು. ಭುಜದವರೆಗೆ ಬೆಳೆದ ಕೂದಲು ತೋರಿಸಿ, ಇನ್ನಾದರೂ ಕಟಿಂಗ್ ಮಾಡಿಸಬಹುದೇ ಎಂದು ಕೇಳಿದ. ಮಾಡಿಸಪ್ಪಾ, ಗದ್ದಕ್ಕೆ ಕೈ ಹಾಕಿದರೆ ಎದ್ದು ಬಾ ಎಂದೆ.